ಟ್ಯಾಕಲ್ ಶಾಲೆಯ ದೊಡ್ಡ ಮಕ್ಕಳು

ಮತ್ತೊಬ್ಬ ರಗ್ಬಿ ಆಟಗಾರ ಶಾಲೆಗೆ ಹೊರಟಿದ್ದಾನಂತೆ. ಹೆಸರು ಬೇಡ ಬಿಡಿ, ನೀವು ಇದನ್ನು ಓದುವ ಹೊತ್ತಿಗೆ ಇನ್ಯಾರೋ ಹೊರಟಿರುತ್ತಾರೆ. ನೂರ ಹತ್ತು ಕಿಲೋ ತೂಕದ ಗಂಡಸು. ಕತ್ತು ಎಲ್ಲಿ ಮುಗಿಯುತ್ತದೆ, ಭುಜ ಎಲ್ಲಿ ಶುರುವಾಗುತ್ತದೆ ಅಂತ ಹೆತ್ತ ತಾಯಿಯೂ ಹೇಳಲಾರಳು. ಓಡಿ ಬಂದು ಎದುರಾಳಿಯ ದವಡೆಗೆ ಹೆಗಲು ಕೊಡುತ್ತಾನೆ. ಕನ್ನಡದಲ್ಲಿ ಹೆಗಲು ಕೊಡೋದು ಅಂದರೆ ಕಷ್ಟಕ್ಕಾಗುವುದು. ರಗ್ಬಿಯಲ್ಲಿ ಕಷ್ಟ ತರುವವನೂ ಅವನೇ. ಶಿಸ್ತು ಸಮಿತಿ ಕೂರುತ್ತದೆ, ಮೂರು ಪಂದ್ಯ ನಿಷೇಧ ಅನ್ನುತ್ತದೆ. ಅದರ ಕೆಳಗೇ ಇನ್ನೊಂದು ಸಾಲು ಇರುತ್ತದೆ. ಟ್ಯಾಕಲ್ ಶಾಲೆಗೆ ಹೋಗಿ ಬಂದರೆ ಎರಡೇ ಪಂದ್ಯ. ಟ್ಯಾಕಲ್ ಅಂದರೆ ಚೆಂಡು ಹಿಡಿದು ಓಡುವವನನ್ನು ತಬ್ಬಿ ಕೆಡಹುವುದು.

ಈ ಶಾಲೆಗೊಂದು ದೊಡ್ಡ ಹೆಸರಿದೆ, ಕೋಚಿಂಗ್ ಇಂಟರ್‌ವೆನ್ಷನ್ ಪ್ರೋಗ್ರಾಮ್. 2021ರಲ್ಲಿ ಈ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ರಗ್ಬಿ ಶುರು ಮಾಡಿದ್ದು. ಆಟಗಾರ ತನ್ನ ಕೋಚ್ ಜತೆ ಕೂತು ತಾನು ಮಾಡಿದ ಟ್ಯಾಕಲ್ ನೋಡಬೇಕು, ಎಲ್ಲಿ ಎಡವಿದೆ ಅಂತ ಗುರುತಿಸಬೇಕು, ಬಗ್ಗಿ ಟ್ಯಾಕಲ್ ಮಾಡುವುದನ್ನು ಅಭ್ಯಾಸ ಮಾಡಬೇಕು. ಅಂದರೆ ಏಳನೇ ವಯಸ್ಸಿನಲ್ಲಿ ಮೊದಲ ದಿನ ಮೈದಾನಕ್ಕೆ ಬಂದಾಗ ಹೇಳಿಕೊಟ್ಟ ಪಾಠವನ್ನೇ ದೇಶಕ್ಕೆ ಐವತ್ತು ಪಂದ್ಯ ಆಡಿದ ಮೇಲೆ ಇನ್ನೊಮ್ಮೆ ಕಲಿಯಬೇಕು. ಗುರು ಯಾರು? ಇಷ್ಟು ದಿನ ಕಲಿಸಿದ ಅದೇ ಕೋಚ್. ಈ ಶಾಲೆಯಲ್ಲಿ ಯಾರಾದರೂ ನಪಾಸಾದ ಸುದ್ದಿ ನಾನಂತೂ ಇವತ್ತಿನವರೆಗೆ ಕೇಳಿಲ್ಲ. ಇಂಥ ಶಾಲೆ ನಮಗೆ ಸಿಗಲಿಲ್ಲವಲ್ಲ ಅನ್ನೋದೇ ಹೊಟ್ಟೆಕಿಚ್ಚು.

ಆ ಮೂರು ಪಂದ್ಯವೂ ಶುರುವಿನಲ್ಲಿ ಮೂರಾಗಿರುವುದಿಲ್ಲ. ತಲೆಗೆ ಬಿದ್ದ ಅಪಾಯಕಾರಿ ಏಟಿಗೆ ಲೆಕ್ಕ ಸಾಮಾನ್ಯವಾಗಿ ಆರರಿಂದ ಶುರು. ಆಮೇಲೆ ಚೌಕಾಸಿ. ತಪ್ಪು ಒಪ್ಪಿಕೊಂಡನಾ? ಇಳಿಸಿ. ಹಳೆ ದಾಖಲೆ ಚೆನ್ನಾಗಿದೆಯಾ? ಇಳಿಸಿ. ಏಟು ತಿಂದವನ ಹತ್ತಿರ ಸಾರಿ ಕೇಳಿದನಾ? ಇಳಿಸಿ. ವಿಚಾರಣೆಯಲ್ಲಿ ಮರ್ಯಾದೆಯಿಂದ ನಡೆದುಕೊಂಡನಾ? ಅದಕ್ಕೂ ರಿಯಾಯಿತಿ ಇದೆ, ತಮಾಷೆ ಮಾಡುತ್ತಿಲ್ಲ. ಮೈದಾನದಲ್ಲಿ ದವಡೆ ಕಳಚುವ ಹಾಗೆ ಹೊಡೆದವನು ಸಮಿತಿಯ ಮುಂದೆ ಟೈ ಕಟ್ಟಿಕೊಂಡು, ಸರ್ ಸರ್ ಅಂತ, ಯಾರಿಗೂ ಟ್ಯಾಕಲ್ ಮಾಡದೆ ಕೂತನಲ್ಲ, ಎಂಥ ಒಳ್ಳೆ ಹುಡುಗ! ಹೀಗೆ ಅರ್ಧದವರೆಗೂ ಇಳಿಸಬಹುದು. ಆರು ಮೂರಾಯಿತು, ಶಾಲೆಗೆ ಹೋದರೆ ಎರಡಾಯಿತು.

ಶಾಲೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಆಗಿನ ಇಂಗ್ಲೆಂಡ್ ನಾಯಕ ಓವನ್ ಫ್ಯಾರೆಲ್ ಸಾಕು. ಜನವರಿ 2023ರಲ್ಲಿ ಗ್ಲಾಸ್ಟರ್ ಕ್ಲಬ್ ವಿರುದ್ಧ ಒಂದು ಟ್ಯಾಕಲ್, ನಾಲ್ಕು ಪಂದ್ಯ ನಿಷೇಧ, ಶಾಲೆಗೆ ಹೋಗಿದ್ದಕ್ಕೆ ಒಂದು ಮಾಫಿ. ಪಾಠ ತಲೆಗೆ ಹತ್ತಿತು ಅಂತ ಎಲ್ಲರೂ ಅಂದುಕೊಂಡರು. ಹತ್ತಿದ್ದು ನಿಜ, ಆದರೆ ಬೇರೆಯವನ ತಲೆಗೆ. ಆಗಸ್ಟ್ 12ರಂದು ಟ್ವಿಕನ್‌ಹ್ಯಾಮ್‌ನಲ್ಲಿ ವೇಲ್ಸ್‌ನ ಟೇನ್ ಬ್ಯಾಶಮ್‌ಗೆ ಹೆಗಲು ಬಿತ್ತು.

ಮುಂದಿನ ಹತ್ತು ದಿನ ಇದೆಯಲ್ಲ, ಅದನ್ನು ನಾನು ಈಗಲೂ ನೆನೆಸಿಕೊಂಡು ನಗುತ್ತೇನೆ. ಮೊದಲು ರೆಫರಿ ಯೆಲ್ಲೋ ಕಾರ್ಡ್ ಕೊಟ್ಟ, ಅಂದರೆ ಹತ್ತು ನಿಮಿಷ ಹೊರಗೆ. ಆಗಷ್ಟೇ ಬಂಕರ್ ಅಂತ ಒಂದು ಹೊಸ ಏರ್ಪಾಡು ಬಂದಿತ್ತು. ಒಬ್ಬ ಅಧಿಕಾರಿ ಟೀವಿ ಮುಂದೆ ಕೂತು ಎಂಟು ನಿಮಿಷದೊಳಗೆ ಯೆಲ್ಲೋ ಸಾಕೋ, ಪಂದ್ಯದಿಂದಲೇ ಹೊರಗಟ್ಟುವ ರೆಡ್ ಬೇಕೋ ಅಂತ ಹೇಳಬೇಕು. ಯುದ್ಧದಲ್ಲಿ ಬಂಕರ್ ಅಂದರೆ ತಲೆ ಉಳಿಸಿಕೊಳ್ಳೋಕೆ ಬಚ್ಚಿಟ್ಟುಕೊಳ್ಳುವ ಜಾಗ, ಹೆಸರಿಟ್ಟವನಿಗೆ ಮುಂದಾಗುವುದು ಗೊತ್ತಿತ್ತೋ ಏನೋ. ಬಂಕರ್ ಇದು ರೆಡ್ ಅಂದಿತು. ಮೂರು ದಿನ ಬಿಟ್ಟು ಆಸ್ಟ್ರೇಲಿಯಾದವರೇ ತುಂಬಿದ್ದ ಶಿಸ್ತು ಸಮಿತಿ ಕೂತು, ಬಂಕರ್ ತಪ್ಪು ಮಾಡಿದೆ, ಇದು ರೆಡ್ ಅಲ್ಲ, ಹುಡುಗ ಆಡಬಹುದು ಅಂದಿತು. ಕಾರಣ? ಫ್ಯಾರೆಲ್ ಟ್ಯಾಕಲ್ ಮಾಡುವ ಹೊತ್ತಿಗೆ ಅವನ ಜತೆಗಾರ ಜೇಮಿ ಜಾರ್ಜ್ ಕೂಡ ಬ್ಯಾಶಮ್‌ನನ್ನು ಹಿಡಿದಿದ್ದ, ಅದರಿಂದ ಬ್ಯಾಶಮ್ ಬರುತ್ತಿದ್ದ ದಿಕ್ಕು ಕೊನೇ ಗಳಿಗೆಯಲ್ಲಿ ಬದಲಾಯಿತು ಅಂತ. ಮೊಸರು ತಿಂದ ಕೋತಿ ಮೇಕೆ ಬಾಯಿಗೆ ಒರೆಸಿತಂತೆ. ಇಲ್ಲಿ ಕೋತಿ ಪಾಪ ಸುಮ್ನೆ ಕೂತಿತ್ತು, ಸಮಿತಿಯೇ ಎದ್ದು ಬಂದು ಒರೆಸಿತು.

ಆಗ ವರ್ಲ್ಡ್ ರಗ್ಬಿ ತನ್ನದೇ ಪದ್ಧತಿಯಲ್ಲಿ ಬಂದ ತೀರ್ಪಿನ ಮೇಲೆ ತಾನೇ ಮೇಲ್ಮನವಿ ಹಾಕಿತು. ಮೇಲ್ಮನವಿ ಸಮಿತಿ ವಿಡಿಯೊ ನೋಡಿ, ಅಲ್ಲಪ್ಪಾ, ಅವನು ತಬ್ಬಿ ಹಿಡಿಯಲು ಕೈ ಚಾಚಿದ್ದನೋ ಇಲ್ಲವೋ ಅನ್ನೋದನ್ನೇ ಮೊದಲನೆಯವರು ಯೋಚಿಸಿಲ್ಲವಲ್ಲ ಅಂದಿತು. ಟ್ಯಾಕಲ್ ಬಗ್ಗೆ ತೀರ್ಪು ಕೊಡಲು ಕೂತವರು ಕೈ ಎಲ್ಲಿತ್ತು ಅಂತ ನೋಡಲು ಮರೆತಿದ್ದರು! ಆಗಸ್ಟ್ 22ಕ್ಕೆ ನಾಲ್ಕು ಪಂದ್ಯ ನಿಷೇಧ. ಹತ್ತು ದಿನದಲ್ಲಿ ಒಂದೇ ಹೆಗಲು ಹಳದಿಯಾಯಿತು, ಕೆಂಪಾಯಿತು, ಬಣ್ಣ ಕಳೆದುಕೊಂಡಿತು, ಮತ್ತೆ ಕೆಂಪಾಯಿತು. ಗೋಸುಂಬೆ ಕೂಡ ಇಷ್ಟು ಕಷ್ಟಪಡುವುದಿಲ್ಲ.

ಆ ನಾಲ್ಕರಲ್ಲೂ ಒಂದು ಮಜಾ ಇದೆ. 19ನೇ ತಾರೀಕು ಐರ್ಲೆಂಡ್ ವಿರುದ್ಧದ ಪಂದ್ಯಕ್ಕೆ ಇಂಗ್ಲೆಂಡ್ ತಾನಾಗೇ ಅವನನ್ನು ಆಡಿಸಿರಲಿಲ್ಲ. ಅದೂ ಶಿಕ್ಷೆಯ ಲೆಕ್ಕಕ್ಕೆ ಸೇರಿತು. ಅಂದರೆ ತೀರ್ಪು ಬರುವ ಮೊದಲೇ ಕಾಲು ಭಾಗ ಶಿಕ್ಷೆ ಮುಗಿದಿತ್ತು. ಮನೆಯಲ್ಲಿ ಸುಮ್ನೆ ಕೂತ ಶನಿವಾರವನ್ನೂ ಜೈಲುವಾಸ ಅಂತ ಬರೆದುಕೊಂಡ ಹಾಗೆ.

ನಿಷೇಧದ ಲೆಕ್ಕ ಅಂದಾಗ ಇಂಗ್ಲೆಂಡಿನ ಜೋ ಮಾರ್ಲರ್ ನೆನಪಾಗದೆ ಇರುತ್ತಾನಾ? ಮಾರ್ಚ್ 2020ರಲ್ಲಿ ವೇಲ್ಸ್ ನಾಯಕ ಅಲನ್ ವಿನ್ ಜೋನ್ಸ್‌ಗೆ, ಸಾವಿರಾರು ಜನರೆದುರು, ಟೀವಿ ಕ್ಯಾಮೆರಾ ಮುಂದೆ, ಎಲ್ಲಿ ಕೈ ಹಾಕಬಾರದೋ ಅಲ್ಲಿ ಕೈ ಹಾಕಿದ. ಹತ್ತು ವಾರ ನಿಷೇಧ. ಅದು ಹೇಳಿಕೇಳಿ ಮಾರ್ಚ್ 2020. ಅಷ್ಟರಲ್ಲಿ ಕೊರೊನಾ ಬಂತು, ಇಂಗ್ಲೆಂಡಿನಲ್ಲಿ ರಗ್ಬಿಯೇ ನಿಂತಿತು, ಅಲ್ಲಿನ ಕ್ಲಬ್ ಲೀಗ್ ಪ್ರೀಮಿಯರ್‌ಶಿಪ್ ಮತ್ತೆ ಶುರುವಾಗಿದ್ದು ಆಗಸ್ಟ್‌ನಲ್ಲಿ. ಏನೂ ಮಾಡದ ಆಟಗಾರರೂ ಮನೆಯಲ್ಲೇ, ಮಾಡಿದವನೂ ಮನೆಯಲ್ಲೇ. ಇಡೀ ಜಗತ್ತೇ ಮಾರ್ಲರ್ ಜತೆ ಶಿಕ್ಷೆ ಅನುಭವಿಸಿತು. ಪಾಪ, ನಾವೇನು ಹಿಡಿದಿದ್ದೆವು?

ಇನ್ನು ಯಾವ ಅಂಗಕ್ಕೆ ಎಷ್ಟು ಬೆಲೆ ಅನ್ನುವ ವಿಚಾರ. 2009ರಲ್ಲಿ ಪ್ರಿಟೋರಿಯಾದಲ್ಲಿ ಲಯನ್ಸ್, ಅಂದರೆ ಬ್ರಿಟನ್ ಮತ್ತು ಐರ್ಲೆಂಡ್ ಆಟಗಾರರ ಜಂಟಿ ತಂಡದ ವಿರುದ್ಧ ಎರಡನೇ ಟೆಸ್ಟ್. ಆಟ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ, ದಕ್ಷಿಣ ಆಫ್ರಿಕಾದ ಶಾಲ್ಕ್ ಬರ್ಗರ್‌ನ ಬೆರಳು ಲಯನ್ಸ್‌ನ ಲ್ಯೂಕ್ ಫಿಟ್ಜ್‌ಜೆರಾಲ್ಡ್‌ನ ಕಣ್ಣಿನ ಹತ್ತಿರ ಓಡಾಡಿತು. ರೆಫರಿ ಕೊಟ್ಟಿದ್ದು ಯೆಲ್ಲೋ. ಆಮೇಲೆ ಎಂಟು ವಾರ ನಿಷೇಧ. ಯೆಲ್ಲೋ ಕೊಟ್ಟಿದ್ದೂ ಜಾಸ್ತಿಯಾಯಿತು ಅಂತ ಕೋಚ್ ಪೀಟರ್ ಡಿ ವಿಲಿಯರ್ಸ್ ವಾದ, ಹೀಗೇ ಆದರೆ ಎಲ್ಲರೂ ಬ್ಯಾಲೆ ಉಡುಪು ಹಾಕಿಕೊಂಡು ಕುಣಿಯೋಣ ಅಂತಲೂ ಅಂದರು. ನಾಲ್ಕು ವರ್ಷ ಬಿಟ್ಟು 2013ರ ಪ್ರೀಮಿಯರ್‌ಶಿಪ್ ಫೈನಲ್. ನಾರ್ಥಾಂಪ್ಟನ್ ನಾಯಕ ಡಿಲನ್ ಹಾರ್ಟ್ಲಿ ಬಾಯಿಂದ ಒಂದು ಬೈಗುಳ ಬಂತು. ನಾನು ಬೈದಿದ್ದು ಎದುರಾಳಿಗೆ ಅಂತ ಅವನು, ಅಲ್ಲ ನನಗೇ ಅಂತ ರೆಫರಿ ವೇಯ್ನ್ ಬಾರ್ನ್ಸ್. ರೆಡ್ ಕಾರ್ಡ್, ಹನ್ನೊಂದು ವಾರ ನಿಷೇಧ, ಲಯನ್ಸ್ ಪ್ರವಾಸವೂ ಕೈತಪ್ಪಿತು. ಕಣ್ಣಿಗೆ ಬೆರಳಾದರೆ ಎಂಟು, ಕಿವಿಗೆ ಬೈಗುಳವಾದರೆ ಹನ್ನೊಂದು. ರೆಫರಿಯ ಕಿವಿ ಆಟಗಾರನ ಕಣ್ಣಿಗಿಂತ ಮೂರು ವಾರ ದುಬಾರಿ.

ಅದೇ ಪ್ರಿಟೋರಿಯಾ ಪಂದ್ಯದಲ್ಲಿ ದಕ್ಷಿಣ ಆಫ್ರಿಕಾದ ಬಾಕೀಸ್ ಬೋಥಾ ರಕ್‌ಗೆ, ಅಂದರೆ ನೆಲದ ಮೇಲಿನ ಚೆಂಡಿಗಾಗಿ ನಡೆಯುವ ನೂಕಾಟಕ್ಕೆ ನುಗ್ಗಿ ಲಯನ್ಸ್‌ನ ಆ್ಯಡಮ್ ಜೋನ್ಸ್‌ನ ಭುಜ ಜಾರಿಸಿದ. ಎರಡು ವಾರ ನಿಷೇಧ. ಏಟು ತಿಂದ ಜೋನ್ಸ್‌ನೇ ಅದರಲ್ಲಿ ತಪ್ಪೇನಿರಲಿಲ್ಲ ಅಂದ. ಮುಂದಿನ ಟೆಸ್ಟ್‌ಗೆ ತಂಡದವರೆಲ್ಲ ತೋಳಿಗೆ ಬಾಕೀಸ್‌ಗೆ ನ್ಯಾಯ ಕೊಡಿ ಅಂತ ಬರೆದ ಪಟ್ಟಿ ಕಟ್ಟಿಕೊಂಡು ಬಂದರು. ಅದಕ್ಕೆ ಅವರ ಮಂಡಳಿಗೆ 10,000 ಪೌಂಡ್ ದಂಡ. ಇದರ ಪಕ್ಕದಲ್ಲಿ 2005 ಇಟ್ಟು ನೋಡಿ. ಕ್ರೈಸ್ಟ್‌ಚರ್ಚ್, ಮೊದಲ ಟೆಸ್ಟಿನ ಮೊದಲ ನಿಮಿಷಗಳು. ನ್ಯೂಜಿಲೆಂಡಿನ ತಾನಾ ಉಮಾಗಾ ಮತ್ತು ಕೆವೆನ್ ಮೆಯಾಲಾಮು ಇಬ್ಬರೂ ಸೇರಿ ಲಯನ್ಸ್ ನಾಯಕ ಬ್ರಯಾನ್ ಓ'ಡ್ರಿಸ್ಕಲ್‌ನನ್ನು ಎತ್ತಿ ನೆಲಕ್ಕೆ ಹಾಕಿದರು. ಭುಜ ಜಾರಿತು, ಪ್ರವಾಸ ಮುಗಿಯಿತು. ರೆಫರಿ ಕಣ್ತಪ್ಪಿದ ತಪ್ಪನ್ನು ಶಿಸ್ತು ಸಮಿತಿಗೆ ಒಪ್ಪಿಸುವ ಸೈಟಿಂಗ್ ಕಮಿಷನರ್ ನೋಡಿ, ಇದರಲ್ಲಿ ಕೇಸೇ ಇಲ್ಲ ಅಂದರು. ಮನುಷ್ಯನನ್ನು ಎತ್ತಿ ಹಾಕಿದರೆ ಏನೂ ಇಲ್ಲ, ತೋಳಿಗೆ ಬಟ್ಟೆ ಕಟ್ಟಿದರೆ ಹತ್ತು ಸಾವಿರ.

ರಕ್ತದ ವಿಷಯ ಬಿಟ್ಟರೆ ಅನ್ಯಾಯವಾದೀತು. ಇದು ಏಟಿನ ಪ್ರಕರಣವಲ್ಲ, ಏಟೇ ಬೀಳದ ಪ್ರಕರಣ, ಆದರೂ ಹೇಳದೆ ಇರೋಕಾಗಲ್ಲ. ಅದೇ 2009ರ ಏಪ್ರಿಲ್, ಹಾರ್ಲೆಕ್ವಿನ್ಸ್ ಮತ್ತು ಲೀನ್‌ಸ್ಟರ್ ನಡುವೆ ಯುರೋಪಿನ ಕ್ಲಬ್ ಟೂರ್ನಿ ಹೈನೆಕೆನ್ ಕಪ್‌ನ ಕ್ವಾರ್ಟರ್ ಫೈನಲ್. ಗಾಯವಾಗಿ ರಕ್ತ ಬಂದರೆ ಹೊರಗೆ ಕೂತವನನ್ನು ಮತ್ತೆ ಒಳಗೆ ಕಳಿಸಬಹುದು ಅನ್ನೋ ನಿಯಮ ಇತ್ತಲ್ಲ, ಹಾರ್ಲೆಕ್ವಿನ್ಸ್‌ನ ಟಾಮ್ ವಿಲಿಯಮ್ಸ್ ಬಾಯಲ್ಲಿ ನಾಟಕದ ರಕ್ತದ ಕ್ಯಾಪ್ಸೂಲ್ ಕಚ್ಚಿಕೊಂಡು ಕೆಂಪು ಸುರಿಸುತ್ತ ಹೊರಗೆ ಬಂದ, ಬರುತ್ತ ಬರುತ್ತ ಕಣ್ಣು ಹೊಡೆದ. ಕ್ಯಾಮೆರಾ ಅದನ್ನೂ ಹಿಡಿಯಿತು. ಆಮೇಲೆ ಸುಳ್ಳನ್ನು ಮುಚ್ಚಲು ಅವನ ತುಟಿಯನ್ನು ನಿಜವಾಗಿಯೇ ಕೊಯ್ಯಬೇಕಾಯಿತು. ಇಷ್ಟೆಲ್ಲ ಮಾಡಿಯೂ ಪಂದ್ಯ 6-5ರಲ್ಲಿ ಸೋತರು. ಮೊದಲ ವಿಚಾರಣೆ ಏನು ಮಾಡಿತು? ಕ್ಲಬ್‌ಗೆ ದಂಡ, ಆಟಗಾರನಿಗೆ ಹನ್ನೆರಡು ತಿಂಗಳು ನಿಷೇಧ, ದೊಡ್ಡವರಿಗೆಲ್ಲ ಬಿಡುಗಡೆ. ಕ್ಯಾಪ್ಸೂಲ್ ತಾನಾಗೇ ನಡೆದು ಬಂದು ಅವನ ಬಾಯಿಗೆ ಬಿತ್ತು ಅಂತ ನಂಬಿದರೋ ಏನೋ. ವಿಲಿಯಮ್ಸ್ ಬಾಯಿ ಬಿಟ್ಟ ಮೇಲೆ, ಈ ಸಲ ಕ್ಯಾಪ್ಸೂಲ್ ಇಲ್ಲದೆ, ಅವನ ಶಿಕ್ಷೆ ನಾಲ್ಕು ತಿಂಗಳಿಗೆ ಇಳಿಯಿತು, ಕೋಚ್ ಡೀನ್ ರಿಚರ್ಡ್ಸ್‌ಗೆ ಮೂರು ವರ್ಷ ಬಿತ್ತು.

ನಗು ಸಾಕು. ಫ್ಯಾರೆಲ್ ಪ್ರಕರಣ ನಡೆದ ಅದೇ ವಾರ ಪೆಸಿಫಿಕ್ ದ್ವೀಪ ದೇಶ ಟೊಂಗಾದ ಜಾರ್ಜ್ ಮೊವಾಲಾ ಕೆನಡಾ ವಿರುದ್ಧ ಒಬ್ಬನನ್ನು ಎತ್ತಿ ಹಾಕಿದ್ದಕ್ಕೆ ಐದು ಪಂದ್ಯ ನಿಷೇಧ. ತಪ್ಪು ಬೇರೆ, ನಿಯಮ ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು, ಗೊತ್ತು. ಆದರೆ ಒಂದು ಕಡೆ ಇಂಗ್ಲೆಂಡ್ ನಾಯಕ ಬಿಡುಗಡೆಯಾದ ಸುದ್ದಿ, ಇನ್ನೊಂದು ಕಡೆ ಟೊಂಗಾದವನು ವಿಶ್ವಕಪ್ ಪಂದ್ಯಗಳನ್ನು ಕಳೆದುಕೊಂಡ ಸುದ್ದಿ, ಎರಡೂ ಜತೆಜತೆಗೆ ಓದಿದ ಟೊಂಗಾದ ಹುಡುಗನಿಗೆ ನಿಯಮ ಪುಸ್ತಕದ ಪುಟ ಸಂಖ್ಯೆ ಹೇಳಿ ಸಮಾಧಾನ ಮಾಡುವಿರಾ? ಬಡವನ ಸಿಟ್ಟು ದವಡೆಗೆ ಮೂಲ. ಇಂಗ್ಲೆಂಡಿನ ಪರ ವಾದ ಮಾಡಲು ದೊಡ್ಡ ವಕೀಲರು ಬರುತ್ತಾರೆ. ಸಣ್ಣ ದ್ವೀಪದವರು ವಕೀಲರ ಫೀಸಿನಲ್ಲಿ ಎಷ್ಟು ಜನರಿಗೆ ವಿಮಾನ ಟಿಕೆಟ್ ಬರುತ್ತದೆ ಅಂತ ಯೋಚಿಸಬೇಕು.

ಈಗ ಇಪ್ಪತ್ತು ನಿಮಿಷದ ರೆಡ್ ಕಾರ್ಡ್ ಬೇರೆ ಬಂದಿದೆ. ತಪ್ಪು ಮಾಡಿದವನು ಹೊರಗೇ ಇರಬೇಕು, ಆದರೆ ಇಪ್ಪತ್ತು ನಿಮಿಷ ಕಳೆದರೆ ಅವನ ಬದಲು ಇನ್ನೊಬ್ಬ ಬರಬಹುದು. ಹದಿನಾಲ್ಕು ಜನರ ಆಟ ನೋಡೋಕೆ ಪ್ರೇಕ್ಷಕರಿಗೆ ಬೇಜಾರಾಗುತ್ತದಂತೆ. ಆಗಲಿ, ಸಂತೋಷ. ಆಟ ಕೆಡಬಾರದು.

ಸ್ಟೀವ್ ಥಾಂಪ್ಸನ್ ಅಂತ ಒಬ್ಬರಿದ್ದಾರೆ. 2003ರಲ್ಲಿ ಸಿಡ್ನಿಯಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಹೂಕರ್, ಅಂದರೆ ಮುಂದಿನ ಸಾಲಿನ ನಡುವಿನ ಆಟಗಾರ. 2020ರಲ್ಲಿ, ನಲವತ್ತೆರಡನೇ ವಯಸ್ಸಿನಲ್ಲಿ, ತಮಗೆ ಮರೆವಿನ ಕಾಯಿಲೆ ಶುರುವಾಗಿದೆ, ಆ ವಿಶ್ವಕಪ್ ಗೆದ್ದದ್ದೇ ನೆನಪಿಲ್ಲ ಅಂತ ಹೇಳಿದರು. ಇಷ್ಟೆಲ್ಲ ಕಾರ್ಡು, ಬಂಕರ್, ಸಮಿತಿ ಇರುವುದು ಇನ್ನೊಬ್ಬನಿಗೆ ಹೀಗಾಗದಿರಲಿ ಅಂತ ತಾನೇ? ಮತ್ತೆ ವಿಚಾರಣೆಯಲ್ಲಿ ಅರ್ಧ ಹೊತ್ತು ಹೊಡೆದವನ ನಡತೆ ಎಷ್ಟು ಚೆನ್ನ ಅನ್ನೋ ಮಾತೇ ಯಾಕೆ? ನನಗೆ ಸುಸ್ತಾಗಿದೆ. ಏಟು ತಿಂದವನು ಹನ್ನೆರಡು ನಿಮಿಷದ ತಲೆ ಪರೀಕ್ಷೆಗೆ ಹೋಗುತ್ತಾನೆ, ಪಾಸಾಗದಿದ್ದರೆ ಮುಂದಿನ ವಾರ ಅವನೂ ಮನೆಯಲ್ಲೇ. ಅವನ ದಾಖಲೆಯೂ ಚೆನ್ನಾಗಿದೆ, ನಡತೆಯೂ ಚೆನ್ನಾಗಿದೆ, ಯಾರಿಗೂ ಎದುರು ಮಾತಾಡಿಲ್ಲ. ಆದರೂ ಅವನ ತಲೆನೋವಿನಲ್ಲಿ ಅರ್ಧ ಇಳಿಸುವ ಸಮಿತಿ ಎಲ್ಲೂ ಇಲ್ಲ.