ಮಾರ್ಚ್ ತಿಂಗಳ ಕಪಾತು

ನನ್ನ ಅಕ್ಕನ ಮಗ ಕಥೋಲಿಕ ಪಾದ್ರಿಯಾಗುವ ಗುರುದೀಕ್ಷೆಗೆ ಮೊದಲು ಮುಗಿಸಬೇಕಾದ ಎರಡು ವರ್ಷಗಳ ಸೇವೆಗೆಂದು ಈ ಜನವರಿಯಲ್ಲಿ ತಾಂಜಾನಿಯಾ ದೇಶಕ್ಕೆ ಹೋದ. ವಯಸ್ಸು 24. ಕೊಡಗಿನ ಸಿದ್ದಾಪುರದ ಕಡೆ ನಮ್ಮ ಕುಟುಂಬಕ್ಕಿರುವ ಮೂರು ಎಕರೆ ಕಾಫಿ ತೋಟದಲ್ಲಿ ಹಣ್ಣು ಕೊಯ್ದು, ಕಣದಲ್ಲಿ ಹರವಿ, ಮಳೆ ಬಂದರೆ ಟಾರ್ಪಾಲು ಎಳೆಯಲು ಓಡುತ್ತ ಬೆಳೆದ ಹುಡುಗ. ಕೆಲವು ವಾರ ಸ್ವಾಹಿಲಿ ಭಾಷೆಯ ತರಗತಿಯಲ್ಲಿ ಕೂತು, ಮಾರ್ಚ್ ಮೊದಲ ವಾರಕ್ಕೆ ವಿಕ್ಟೋರಿಯಾ ಸರೋವರದ ಪಶ್ಚಿಮಕ್ಕಿರುವ ಕಗೇರಾ ಪ್ರಾಂತ್ಯದ ಒಂದು ಹಳ್ಳಿಯ ಧರ್ಮಕೇಂದ್ರಕ್ಕೆ ಸೇರಿಕೊಂಡ. ಅಲ್ಲಿ ಕಳೆದ ಮೊದಲ ಪೂರ್ತಿ ವಾರದ ಬಗ್ಗೆ ಅವನು ಬರೆದ ಉದ್ದನೆಯ ಪತ್ರವೊಂದು ಫೋನಿಗೆ ಬಂತು. ಅಕ್ಕ ಅದನ್ನು ಊಟವಾದ ಮೇಲೆ ಎಲ್ಲರಿಗೂ ಗಟ್ಟಿಯಾಗಿ ಓದಿದಳು. ಎರಡು ಕಡೆ ನಕ್ಕಳು, ಒಂದು ಕಡೆ ಓದು ನಿಲ್ಲಿಸಿ ಕನ್ನಡಕ ಒರೆಸಿಕೊಂಡಳು.

ಪತ್ರದ ಸುದ್ದಿ ನಮ್ಮ ಕಡೆಯ ಒಂದು ಸ್ಮರಣ ಸಂಚಿಕೆಯವರಿಗೆ ಹೇಗೋ ಮುಟ್ಟಿತು. ಕನ್ನಡ ಮೇಷ್ಟರಾಗಿ ನಿವೃತ್ತನಾದವನೆಂಬ ಕಾರಣಕ್ಕೆ ಅದನ್ನು ತಿದ್ದಿ, ಎರಡು ಪುಟಕ್ಕೆ ಇಳಿಸಿಕೊಡಬೇಕೆಂದು ನನ್ನನ್ನೇ ಕೇಳಿದರು. ಶಾಲೆಯಲ್ಲಿ ಪಾಠ ಹೇಳಿದ್ದು, ಮನೆ ಭೇಟಿ, ಚರ್ಚಿನ ಬಲಿಪೂಜೆ, ಮಕ್ಕಳೊಡನೆ ಆಟ ಇವಿಷ್ಟು ಇರಲಿ. ಗಡಿಯಾರದ ಪ್ರಸಂಗ, ಕಾಫಿ ಗಿಡದ ಪ್ರಸಂಗ, ಜ್ವರ ಇವು ಬೇಡ, ಓದಿದವರಿಗೆ ಹುಡುಗನ ಮೇಲೆ ಹಗುರವಾದ ಅಭಿಪ್ರಾಯ ಬರುತ್ತದೆ ಎಂಬುದು ಅವರ ಸಲಹೆ. ಶೀರ್ಷಿಕೆಯನ್ನೂ ಅವರೇ ಇಟ್ಟಿದ್ದರು: ‘ಕತ್ತಲ ಖಂಡದಲ್ಲಿ ಕೊಡಗಿನ ದೀಪ’. ನಾನು ತಿದ್ದಿಕೊಡಲಿಲ್ಲ. ಏಕೆಂದು ಫೋನಿನಲ್ಲಿ ಹೇಳಹೋದರೆ ಮಾತು ಬಿಸಿಯಾಯಿತು, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕತ್ತಲ ವಿಷಯ. ಕಗೇರಾದ ಮುಖ್ಯ ಪಟ್ಟಣವಾದ ಬುಕೋಬಾದ ಕಡೆಗೆ ಕಥೋಲಿಕ ಗುರುಗಳು ಬಂದದ್ದು 1892ರಲ್ಲಿ. ಅದೇ ಸೀಮೆಯಲ್ಲಿ ಹುಟ್ಟಿದ ಲೌರಿಯನ್ ರುಗಂಬ್ವಾ ಅವರು 1960ರಲ್ಲಿ, ಪೋಪರ ನಂತರದ್ದೆನ್ನುವ ಕಾರ್ಡಿನಲ್ ಪದವಿಗೇರಿದರು. ಆಧುನಿಕ ಕಾಲದಲ್ಲಿ ಆ ಪದವಿ ಪಡೆದ ಮೊದಲ ಆಫ್ರಿಕನ್ನರು ಅವರೇ. ಭಾರತಕ್ಕೆ ಮೊದಲ ಕಾರ್ಡಿನಲ್ ದೊರೆತದ್ದು 1953ರಲ್ಲಿ, ಅಂದರೆ ಕೇವಲ ಏಳು ವರ್ಷ ಮುಂಚೆ. ವಿರಾಜಪೇಟೆಯ ನಮ್ಮ ಸಂತ ಅನ್ನಮ್ಮ ದೇವಾಲಯ 1792ರದು, ಬುಕೋಬಾದವರಿಗಿಂತ ನೂರು ವರ್ಷ ಹಿರಿದು ಎಂದು ಬೇಕಾದರೆ ನಾವು ಬೀಗಬಹುದು. ಹಾಗೆ ಬೀಗುವವರನ್ನು ಕಂಡಿದ್ದೇನೆ. ಆದರೆ ಸ್ವಂತ ಕಾರ್ಡಿನಲ್ಲರನ್ನು ಕೊಟ್ಟ ಊರಿಗೆ ಇನ್ನೂ ದೀಕ್ಷೆಯಾಗದ ಹುಡುಗನೊಬ್ಬನನ್ನು ಕಳುಹಿಸಿ, ದೀಪ ಹಚ್ಚಿದೆವು ಎಂದುಕೊಳ್ಳುವುದು ನನಗೆ ಒಗ್ಗದ ಮಾತು.

ಇನ್ನು ಪತ್ರಕ್ಕೆ ಬರುತ್ತೇನೆ. ಸೋಮವಾರ ಅವನು ಶಾಲೆಯ ಅಂಗಳಕ್ಕೆ ಕಾಲಿಟ್ಟವನೇ ಎದುರಿಗೆ ಬಂದ ಏಳೆಂಟು ವರ್ಷದ ಹುಡುಗಿಗೆ ‘ಶಿಕಮೂ’ ಎಂದು ತಲೆಬಾಗಿ ವಂದಿಸಿದ. ಹುಡುಗಿ ಓಡಿಹೋದಳು, ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ಕಿರಿಯರು ಹಿರಿಯರಿಗೆ ಹೇಳುವ ಮಾತು. ‘ನಿಮ್ಮ ಕಾಲು ಹಿಡಿಯುತ್ತೇನೆ’ ಎಂಬುದು ಅದರ ಮೂಲಾರ್ಥವೆನ್ನುತ್ತಾರೆ, ಹಿರಿಯರು ‘ಮರಹಬಾ’ ಎಂದು ಅದನ್ನು ಸ್ವೀಕರಿಸುತ್ತಾರೆ. ಹಿರಿಯರ ಕಾಲು ಮುಟ್ಟದೆ ಮನೆಯೊಳಗೆ ಕೂರದ ಕೊಡಗಿನಲ್ಲಿ ಬೆಳೆದವನಿಗೆ ಈ ಮಾತು ಬೇಗ ಅರ್ಥವಾಗಬೇಕಿತ್ತು. ಗಾಡಿಗೆ ಅಲ್ಲಿ ‘ಗಾರಿ’, ಚಪಾತಿಗೆ ಚಪಾತಿ, ಲಕ್ಷಕ್ಕೆ ‘ಲಾಕಿ’ ಎನ್ನುತ್ತಾರೆಂದು ತಿಳಿದ ಮೇಲೆ, ಭಾಷೆ ಅರ್ಧ ಬಂದೇಬಿಟ್ಟಿತು ಎಂಬ ಧೈರ್ಯ ಅವನಿಗೆ ಬಂದಿತ್ತಂತೆ. ಆ ಧೈರ್ಯ ಮಂಗಳವಾರದವರೆಗೆ ಉಳಿಯಿತು.

ಮಂಗಳವಾರ ಹಳ್ಳಿಯಲ್ಲಿ ಒಂದು ಸಾವು. ಮಣ್ಣು ಮಾಡುವುದು ‘ಸಾ ತೀಸಾ’ ಹೊತ್ತಿಗೆ ಎಂದು ಹಳ್ಳಿಯಲ್ಲಿ ಧರ್ಮಪಾಠ ಹೇಳುವ ಉಪದೇಶಿಯವರು ಹಿಂದಿನ ರಾತ್ರಿಯೇ ತಿಳಿಸಿದ್ದರು. ತೀಸಾ ಎಂದರೆ ಒಂಬತ್ತು, ಅಷ್ಟು ಅವನಿಗೆ ಗೊತ್ತು. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿಯಲ್ಲಿ ಆ ಮನೆಯ ಮುಂದೆ ನಿಂತ. ಸ್ವಾಹಿಲಿಯಲ್ಲಿ ದಿನದ ಲೆಕ್ಕ ಶುರುವಾಗುವುದು ಸೂರ್ಯೋದಯದಿಂದ. ನಮ್ಮ ಬೆಳಗಿನ ಏಳು ಗಂಟೆ ಅವರ ಒಂದನೆಯ ಗಂಟೆ, ಅವರ ಒಂಬತ್ತು ನಮ್ಮ ಮಧ್ಯಾಹ್ನದ ಮೂರು. ತರಗತಿಯಲ್ಲಿ ಇದನ್ನು ಹೇಳಿಕೊಟ್ಟಿದ್ದರಂತೆ, ಇವನು ಮರೆತಿದ್ದ. ಆರು ಗಂಟೆ ಮುಂಚಿತವಾಗಿ ಬಂದ ಅತಿಥಿಯನ್ನು ಯಾರೂ ವಾಪಸು ಕಳುಹಿಸಲಿಲ್ಲ. ಒಂದು ಚೂರಿ ಕೈಗೆ ಕೊಟ್ಟು, ಹೆಂಗಸರ ಸಾಲಿನ ತುದಿಯಲ್ಲಿ ಕೂರಿಸಿ, ಹಸಿ ಬಾಳೆಕಾಯಿಯ ಸಿಪ್ಪೆ ತೆಗೆಯಲು ಹಚ್ಚಿದರು. ಬಾಳೆಕಾಯಿ ಅಲ್ಲಿಯ ಮುಖ್ಯ ಆಹಾರ. ನೂರಾರು ಜನಕ್ಕೆ ಬೇಯಿಸಬೇಕಿತ್ತು.

ಆ ಆರು ಗಂಟೆಗಳಲ್ಲಿ ಅವನು ಕಂಡದ್ದನ್ನೇ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಬರೆದಿದ್ದಾನೆ. ಹತ್ತಾರು ಮನೆಗಳನ್ನು ಒಟ್ಟುಮಾಡಿ ಕಟ್ಟಿಕೊಂಡ ‘ಜುಮುಯಿಯ’ ಎಂಬ ಪುಟ್ಟ ಕೂಟಗಳು ಅಲ್ಲಿಯ ಧರ್ಮಕೇಂದ್ರಗಳ ಬೆನ್ನೆಲುಬು. ಸೌದೆ ತಂದವರು, ನೀರು ಹೊತ್ತವರು, ಗುಂಡಿ ತೋಡಿದವರು, ಸತ್ತವನ ತಾಯಿಯ ಎರಡೂ ಕಡೆ ಒತ್ತಾಗಿ ಕೂತು ಅವಳನ್ನು ಹಿಡಿದುಕೊಂಡವರು ಎಲ್ಲರೂ ಆ ಕೂಟದವರೇ. ಬಂದವರೆಲ್ಲ ‘ಪೋಲೆ’ ಎಂಬ ಒಂದೇ ಮಾತು ಹೇಳುತ್ತಿದ್ದರು. ಸಾವಿಗೂ ಅದೇ, ಕಾಲು ಎಡವಿದವನಿಗೂ ಅದೇ, ದಣಿದು ಬಂದವನಿಗೂ ಅದೇ ಮಾತು. ‘ಮಾವ, ಮೂರು ಗಂಟೆಗೆ ಬಂದಿದ್ದರೆ ಪ್ರಾರ್ಥನೆ ಹೇಳಿ, ಕೈಮುಗಿದು, ನಾನು ಸಂತೈಸಿದೆ ಎಂದುಕೊಂಡು ಹೊರಟುಬಿಡುತ್ತಿದ್ದೆ’ ಎಂದು ಬರೆದಿದ್ದಾನೆ. ಸಂಚಿಕೆಯವರು ಕತ್ತರಿಸಿ ಎಂದದ್ದು ಈ ಸಾಲುಗಳನ್ನು.

ಗುರುವಾರದ ಕಾಫಿ ಗಿಡದ ಪ್ರಸಂಗ ನನಗೆ ತುಸು ನಾಚಿಕೆಯದು, ಏಕೆಂದರೆ ಅದರಲ್ಲಿ ನನ್ನ ಪಾಠದ ಪಾಲಿದೆ. ಕಗೇರಾದವರೂ ನಮ್ಮಂತೆಯೇ ರೋಬಸ್ಟಾ ತಳಿಯ ಕಾಫಿ ಬೆಳೆಯುವವರು. ಮನೆಯ ಸುತ್ತ ಬಾಳೆ, ಬಾಳೆಯ ನಡುವೆ ಕಾಫಿ, ಬುಡದಲ್ಲಿ ಹುರುಳಿಕಾಯಿ. ಒಬ್ಬ ಅಜ್ಜಿಯ ತೋಟದಲ್ಲಿ ಹತ್ತು ಅಡಿ ಎತ್ತರಕ್ಕೆ ಬೆಳೆದು, ನಾಲ್ಕಾರು ಕಾಂಡ ಬಿಟ್ಟು, ಅಡ್ಡಾದಿಡ್ಡಿ ಹರಡಿದ ಗಿಡ ಕಂಡು ನಮ್ಮ ಹುಡುಗನ ಕೈ ತುರಿಸಿತು. ಮಾರ್ಚ್ ತಿಂಗಳು, ಕೊಡಗಿನಲ್ಲಾದರೆ ಕೊಯ್ಲು ಮುಗಿದಿರುತ್ತದೆ, ಕಪಾತಿಗೆ, ಎಂದರೆ ರೆಂಬೆ ಕತ್ತರಿಸಿ ಗಿಡ ಹದಗೊಳಿಸಲು, ಸರಿಯಾದ ಹೊತ್ತು. ‘ಹೇಗೆ ಮಾಡಬೇಕೆಂದು ತೋರಿಸುತ್ತೇನೆ’ ಎಂದು ಕತ್ತಿ ಕೇಳಿ ಪಡೆದು ಎರಡು ದೊಡ್ಡ ರೆಂಬೆ ಇಳಿಸಿದ. ಇಳಿಸಿದ ಮೇಲೆ ನೋಡಿದರೆ ರೆಂಬೆಯ ತುಂಬ ಹಸಿರು ಕಾಯಿ. ಅಲ್ಲಿ ಮಳೆಗಾಲ ವರ್ಷಕ್ಕೆ ಎರಡು ಸಲ, ರೋಬಸ್ಟಾ ಹಣ್ಣಾಗುವುದು ಮೇ ತಿಂಗಳಿನಿಂದಾಚೆಗೆ. ಕತ್ತರಿಸಿದ್ದು ಅಜ್ಜಿಯ ಈ ವರ್ಷದ ಬೆಳೆಯನ್ನು.

ಅಜ್ಜಿ ಬಯ್ಯಲಿಲ್ಲವಂತೆ. ಒಳಗೆ ಹೋಗಿ ಪುಟ್ಟ ಬುಟ್ಟಿಯೊಂದರಲ್ಲಿ ಒಣಗಿದ ಕಾಫಿ ಕಾಯಿ ತಂದು, ಅಗಿಯಲು ಕೊಟ್ಟಳಂತೆ. ಕಾಫಿಯನ್ನು ಕಾಯಿ ಇರುವಾಗಲೇ ಕೊಯ್ದು, ಸೊಪ್ಪುಗಳ ಜೊತೆ ಬೇಯಿಸಿ, ಒಣಗಿಸಿಟ್ಟುಕೊಂಡು ಬಂದವರಿಗೆ ಅಗಿಯಲು ಕೊಡುವುದು ಅಲ್ಲಿಯ ಹಾಯಾ ಜನರ ಹಳೆಯ ಮರ್ಯಾದೆ. ನಮ್ಮಲ್ಲಿ ಎಲೆಯಡಿಕೆ ಕೊಟ್ಟ ಹಾಗೆ. ಯುರೋಪಿನವರು ಆ ದಡಕ್ಕೆ ಬರುವ ಬಹಳ ಮೊದಲಿನಿಂದ ಅವರಿಗೆ ಈ ಗಿಡದ ಪರಿಚಯವಿತ್ತು. ನಮಗೆ? ಕೊಡಗಿನಲ್ಲಿ ಬ್ರಿಟಿಷರ ಕಾಫಿ ಎಸ್ಟೇಟುಗಳು ಶುರುವಾದದ್ದು 1850ರ ದಶಕದಲ್ಲಿ, ಅದೂ ಅರೇಬಿಕಾ. ಕಾಂಡಕೊರಕ ಹುಳುವೂ ಎಲೆ ತುಕ್ಕು ರೋಗವೂ ಆ ತೋಟಗಳನ್ನು ಹಾಳುಮಾಡಿದ ಮೇಲೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ರೋಗಕ್ಕೆ ಜಗ್ಗದ ತಳಿಯೆಂದು ರೋಬಸ್ಟಾ ಬಂತು. ಅದರ ತವರು ಆಫ್ರಿಕಾದ ನಡುನಾಡು. ನಾನು ಅವನಿಗೆ ಕಪಾತು ಕಲಿಸುವಾಗ ಇದನ್ನೊಂದು ಸಲವೂ ಹೇಳಿರಲಿಲ್ಲ. ಗಿಡ ನಮ್ಮದೇ ಎಂಬಂತೆ ಕಲಿಸಿದ್ದೆ.

ಶುಕ್ರವಾರ ಅವನಿಗೆ ಚಳಿಜ್ವರ ಹತ್ತಿತು. ಹಳ್ಳಿಯ ಡಿಸ್ಪೆನ್ಸರಿಯಲ್ಲಿ ಬೆರಳು ಚುಚ್ಚಿ ನೋಡಿ ಮಲೇರಿಯಾ ಎಂದರು. ಹೊತ್ತಿಗೆ ನಾಲ್ಕರಂತೆ ದಿನಕ್ಕೆ ಎರಡು ಹೊತ್ತು, ಮೂರು ದಿನಕ್ಕೆ ಒಟ್ಟು 24 ಮಾತ್ರೆ. ಅಕ್ಕ ಓದು ನಿಲ್ಲಿಸಿದ್ದು ಇಲ್ಲಿ. ಅದೇ ಅಜ್ಜಿ ಎರಡು ಹೊತ್ತು ಗಂಜಿ ಕಳುಹಿಸಿದಳಂತೆ, ‘ಉಜಿ’ ಅನ್ನುತ್ತಾರೆ. ಕಂದುಬಣ್ಣ ಕಂಡು ಬಾಯಿಗಿಟ್ಟರೆ ರಾಗಿ. ರಾಗಿಯೂ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದಲೇ ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆಗೆ ಬಂದ ಧಾನ್ಯವೆಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಭಾನುವಾರ ಅವನಿಗೆ ಎದ್ದು ಕೂರುವ ಶಕ್ತಿ ಬಂತು. ಪತ್ರ ಬರೆದದ್ದು ಆಗಲೇ.

ಹುಡುಗನಿಗೆ ಇದು ‘ಘಟನೆಗಳೇ ತುಂಬಿದ ವಾರ’, ಅವನದೇ ಮಾತು. ಆ ಹಳ್ಳಿಯವರಿಗೆ ಮಾತ್ರ ಅದು ಒಂದು ಸಾವು ಬಂದು ಹೋದ, ಉಳಿದಂತೆ ಎಂದಿನ ವಾರವೇ. ಸೇವೆಗೆಂದು ಹೊರಗಿನಿಂದ ಹೋದವನ ಕಣ್ಣಿಗೆ ಘಟನೆಯಾಗಿ ಕಾಣುವುದು ಅಲ್ಲಿಯವರ ದಿನದ ಕೆಲಸ, ಮತ್ತು ಆ ಕೆಲಸವನ್ನು ಮಾಡುತ್ತಿರುವವರು ಅವರೇ. ಇದು ಕಾಣದ ಹಾಗೆ ಪತ್ರವನ್ನು ಕತ್ತರಿಸಿದರೆ, ಉಳಿದ ಪ್ರತಿ ಸಾಲು ನಿಜವಾಗಿದ್ದರೂ ಒಟ್ಟು ಪತ್ರ ಸುಳ್ಳಾಗುತ್ತದೆ.

ನನಗೆ ಈ ಮಾತು ಇಷ್ಟು ನಾಟುವುದಕ್ಕೆ ಕಾರಣವಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಕಡೆ ಬೆಟ್ಟಗಳು ಕುಸಿದಾಗ ನಾನು ಒಂದು ಪರಿಹಾರ ಕೇಂದ್ರದಲ್ಲಿ ಹೆಸರು ಬರೆಯುವ ಕೆಲಸಕ್ಕಿದ್ದೆ. ಹೊರಗಿನಿಂದ ಬಂದ ಎಷ್ಟೋ ಯುವಕರು ಹಗಲು ರಾತ್ರಿ ದುಡಿದರು, ಅವರ ಋಣ ನಮ್ಮ ಮೇಲಿದೆ. ಆದರೆ ಆಮೇಲೆ ಅವರಲ್ಲೊಬ್ಬರು ಬರೆದ ಮೂರು ದಿನಗಳ ಅನುಭವ ಓದಿದಾಗ, ಅದರಲ್ಲಿ ನಮ್ಮವರು ಕಂಬಳಿ ಹೊದ್ದು ಕೂತ ಮುಖಗಳಾಗಿ ಮಾತ್ರ ಇದ್ದರು. ಮನೆ ಕಳೆದುಕೊಂಡೂ ಬೆಳಗಿನ ನಾಲ್ಕಕ್ಕೆ ಎದ್ದು, ಆ ಯುವಕರಿಗೂ ಸೇರಿಸಿ ಉಪ್ಪಿಟ್ಟು ಕಲಸುತ್ತಿದ್ದ ಹೆಂಗಸರು ಅದರಲ್ಲಿರಲಿಲ್ಲ. ಯಾರೋ ಲಾರಿಗಟ್ಟಲೆ ಕಳುಹಿಸಿದ ಹಳೆಯ ಬಟ್ಟೆಯ ರಾಶಿಯನ್ನು ವಿಲೇವಾರಿ ಮಾಡಲು ನಾವು ಪಟ್ಟ ಪಾಡೂ ಇರಲಿಲ್ಲ. ಬೇರೆಯವರ ಪತ್ರದಲ್ಲಿ ‘ಪಾಪದವರು’ ಆಗುವುದು ಹೇಗಿರುತ್ತದೆಂದು ಆಗ ತಿಳಿಯಿತು. ಬುಕೋಬಾದಲ್ಲೂ 2022ರ ನವೆಂಬರ್ 6ರಂದು ಪ್ರಯಾಣಿಕರ ವಿಮಾನವೊಂದು ಇಳಿಯುವ ಹೊತ್ತಿಗೆ ಸರೋವರಕ್ಕೆ ಬಿದ್ದಾಗ, 43 ಜನರಲ್ಲಿ 24 ಮಂದಿ ಬದುಕುಳಿದರು; ಎಲ್ಲರಿಗಿಂತ ಮೊದಲು ಅಲ್ಲಿಗೆ ಮುಟ್ಟಿದ್ದು ಅಲ್ಲಿಯ ಮೀನುಗಾರರ ದೋಣಿಗಳು.

ಮಿಷನರಿಗಳ ಪತ್ರವೆಂದರೆ ಕೊಡಗಿಗೆ ಹೊಸದೇನಲ್ಲ. ಜರ್ಮನ್ ಮಿಷನರಿ ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದಾಗ 25 ವರ್ಷದವರು, ನಮ್ಮ ಹುಡುಗನಿಗಿಂತ ಒಂದು ವರ್ಷ ದೊಡ್ಡವರು ಅಷ್ಟೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಅವರು ಮುಂದಿನ ದಶಕದಲ್ಲಿ ಕೊಡಗಿಗೆ ಬಂದು ಆಲ್ಮಂಡದಲ್ಲೂ ಆಮೇಲೆ ಆನಂದಪುರದಲ್ಲೂ ನೆಲೆಸಿದರು. 1853ರಲ್ಲಿ ಬಂದ ಕಿಟ್ಟೆಲ್‌ಗೆ ಆಗ 21. ಇವರೆಲ್ಲ ತಮ್ಮ ಮಿಷನ್ ಇದ್ದ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ವರದಿ ಬರೆಯುತ್ತಿದ್ದರು, ಅಲ್ಲಿ ಅವು ಮಿಷನ್‌ಗೆ ಹಣ ಕೊಡುವವರ ಓದಿಗೆಂದು ಅಚ್ಚಾಗುತ್ತಿದ್ದವು. ಅವರು ಪ್ರೊಟೆಸ್ಟೆಂಟರು, ನಾವು ಕಥೋಲಿಕರು ಎಂಬ ಭೇದ ಇಲ್ಲಿ ಮುಖ್ಯವಲ್ಲ. ಕಿಟ್ಟೆಲ್ 1894ರಲ್ಲಿ ನಿಘಂಟನ್ನು ಹೊರತಂದದ್ದು ನಾಲ್ಕು ದಶಕ ನಮ್ಮ ಭಾಷೆಗೆ ಕಿವಿಗೊಟ್ಟ ಮೇಲೆ. ಆದರೆ ಅವರಿಗೆ ಒಂದೊಂದು ಪದ ಬಿಡಿಸಿ ಹೇಳಿದ ಪಂಡಿತರ, ಹಳ್ಳಿಗರ ಹೆಸರನ್ನು ತರಗತಿಯಲ್ಲಿ ಕೇಳಿದ್ದರೆ ಮೂವತ್ತು ವರ್ಷ ಕನ್ನಡ ಕಲಿಸಿದ ನಾನೇ ಒಂದನ್ನೂ ಹೇಳಲಾರದವನಾಗಿದ್ದೆ.

ದೇಣಿಗೆ ಕೊಡುವವರಿಗೆ ತಪ್ಪುಗಳನ್ನು ತೋರಿಸಬಾರದು ಎಂಬ ಸಂಚಿಕೆಯವರ ಕಳವಳ ನನಗೆ ಅರ್ಥವಾಗದ್ದೇನಲ್ಲ. ಹುಡುಗ ಗಣಿತ ಚೆನ್ನಾಗಿ ಕಲಿಸುತ್ತಾನೆ, ಆ ಶಾಲೆಗೆ ಗಣಿತದ ಮೇಷ್ಟರು ಬೇಕಾಗಿದ್ದರು, ಅವನು ಹೋದದ್ದು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಆದರೆ ಕತ್ತರಿಸಿದ ಪತ್ರ ಓದಿ ಮುಂದಿನ ವರ್ಷ ಹೊರಡುವ ಇನ್ನೊಬ್ಬ ಹುಡುಗ, ಅಲ್ಲಿ ತನಗಾಗಿ ಜನ ಕೈಕಟ್ಟಿ ಕಾಯುತ್ತಿದ್ದಾರೆಂದುಕೊಂಡು ಹೊರಡುತ್ತಾನೆ. ಅವನ ಕೈಯಲ್ಲೂ ಒಂದು ಕತ್ತಿ ಇರುತ್ತದೆ.

ಪತ್ರ ಅಚ್ಚಾಗುವುದಾದರೆ ಪೂರ್ತಿ ಆಗಲಿ ಎಂದು ಸಂಚಿಕೆಯವರಿಗೆ ತಿಳಿಸಿದ್ದೇನೆ, ಉತ್ತರ ಬಂದಿಲ್ಲ. ಇಲ್ಲಿ ಬರೆಯುವ ಮೊದಲು ಹುಡುಗನಿಗೂ ಒಂದು ಮಾತು ಕೇಳಿದೆ: ‘ನಿನ್ನ ಒಪ್ಪಿಗೆ ಸಾಲದು, ಆ ಅಜ್ಜಿಯನ್ನೂ ಕೇಳು, ಗಿಡ ಅವಳದು.’ ಅವನು ಉಪದೇಶಿಯವರನ್ನು ಕರೆದುಕೊಂಡು ಹೋಗಿ ಕೇಳಿ ಬಂದ. ಬರೆಯಲಿ, ಆದರೆ ಎಷ್ಟು ಕಾಯಿ ಹೋಯಿತೆಂಬುದನ್ನೂ ಬರೆಯಲಿ ಎಂದಳಂತೆ. ಇಳಿಸಿದ ರೆಂಬೆಗಳ ಕಾಯಿಯನ್ನು ಅವಳ ಮುಂದೆಯೇ ಬಿಡಿಸಿ ಅಳೆದಿದ್ದಾನೆ. ಅವಳ ಬುಟ್ಟಿಯಲ್ಲಿ ಮುಕ್ಕಾಲು ಬುಟ್ಟಿ.