ಸಾರಿನ ಟೈಟ್ರೇಷನ್

ಮೊನ್ನೆ ಭಾನುವಾರ ಮಾವ ಊಟಕ್ಕೆ ಬಂದಿದ್ದರು. ಹೆಂಡತಿಗೆ ಹುಷಾರಿರಲಿಲ್ಲ, ಸಾರು ನನ್ನ ತಲೆಗೆ ಬಂತು. ಹುಣಸೆಹಣ್ಣು ನಿಂಬೆ ಗಾತ್ರ ಅಂದಿದ್ದಳು. ಯಾವ ನಿಂಬೆ ಅಂತ ಕೇಳಬೇಕಿತ್ತು. ನಾನು ಹಾಕಿದ್ದು ಗಜನಿಂಬೆಯ ಲೆಕ್ಕ. ಒಂದು ಸೌಟು ಕುಡಿದು ನೋಡಿದರೆ ಹಲ್ಲೆಲ್ಲ ಜುಮ್ ಅಂದಿತು.

ಸ್ವಲ್ಪ ಬೇಳೆಕಟ್ಟು, ಒಂದು ಚೂರು ಬೆಲ್ಲ ಹಾಕಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಪಿಯುಸಿಯಲ್ಲಿ ಸೈನ್ಸ್ ಓದಿದವನು ನೋಡಿ. ಹುಣಸೆಯಲ್ಲಿರೋದು ಟಾರ್ಟಾರಿಕ್ ಆಮ್ಲ, ಡಬ್ಬದಲ್ಲಿ ಅಡಿಗೆ ಸೋಡಾ ಇದೆ, ಆಮ್ಲಕ್ಕೆ ಕ್ಷಾರ ಬಿದ್ದರೆ ಉಪ್ಪು ಮತ್ತು ನೀರು, ಜೊತೆಗೆ ಒಂದಿಷ್ಟು ಗ್ಯಾಸು. ಇಷ್ಟೇ ತಾನೆ?

ಲ್ಯಾಬಿನಲ್ಲಿ ಟೈಟ್ರೇಷನ್, ಅಂದರೆ ಆಮ್ಲಕ್ಕೆ ಎಷ್ಟು ಕ್ಷಾರ ಬೇಕು ಅಂತ ಅಳೆಯೋ ಪ್ರಯೋಗ, ಮಾಡುವಾಗಲೂ ಹೀಗೇ ಅಂದುಕೊಂಡಿದ್ದೆ. ಕ್ಷಾರ ಮಿಕ್ಕರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ಅನ್ನೋ ಇಂಡಿಕೇಟರ್ ಹಾಕಿದ ಆಕ್ಸಾಲಿಕ್ ಆಮ್ಲಕ್ಕೆ, ನಲ್ಲಿಯಿರುವ ಗಾಜಿನ ಅಳತೆ ಕೊಳವೆ ಬ್ಯುರೆಟ್‌ನಿಂದ ಹನಿ ಹನಿಯಾಗಿ ಸೋಡಿಯಂ ಹೈಡ್ರಾಕ್ಸೈಡ್ ಅನ್ನೋ ಕ್ಷಾರ ಬಿಡಬೇಕು, ತೀರಾ ತಿಳಿ ಗುಲಾಬಿ ಬಂದು ಅರ್ಧ ನಿಮಿಷ ನಿಂತರೆ ಸಾಕು, ಅದೇ ಎಂಡ್ ಪಾಯಿಂಟ್, ಆಮ್ಲ ಮುಗಿಯಿತು ಅನ್ನೋ ಗುರುತು. ನಾನು ಪಕ್ಕದವಳ ರೀಡಿಂಗ್ ಇಣುಕುವಷ್ಟರಲ್ಲಿ ನಲ್ಲಿ ಪೂರ್ತಿ ತಿರುಗಿ ಫ್ಲಾಸ್ಕ್ ಕಡು ಗುಲಾಬಿ. ಮೇಷ್ಟ್ರು ಎತ್ತಿ ಹಿಡಿದು ನೋಡಿ, "ಇದೇನಪ್ಪಾ, ಟೈಟ್ರೇಷನ್ನಾ, ಓಕುಳಿನಾ?" ಅಂದಿದ್ದರು.

ಈ ಸಲ ಜೋಪಾನವಾಗಿ ಒಂದು ಚಿಟಿಕೆ ಹಾಕಿದೆ. ಬುಸ್ ಅಂತ ನೊರೆ ಬಂತು, ಹುಳಿ ಹಾಗೇ ಇತ್ತು. ಇನ್ನೊಂದು ಚಿಟಿಕೆ. ಊಹೂಂ. ಇಲ್ಲೇ ನಾನು ಮರೆತ ಪಾಠ ಇದ್ದದ್ದು. ದುರ್ಬಲ ಆಮ್ಲಕ್ಕೆ ಸ್ವಲ್ಪ ಕ್ಷಾರ ಬಿದ್ದಾಗ ಹುಟ್ಟುವ ಉಪ್ಪು, ಉಳಿದ ಆಮ್ಲದ ಜೊತೆ ಸೇರಿ ಬಫರ್ ಆಗುತ್ತದೆ. ಬಫರ್ ಅಂದರೆ ನಮ್ಮ ಮಾವನ ಥರ, ಮನೆಯಲ್ಲಿ ಏನೇ ಗಲಾಟೆಯಾದರೂ ಪೇಪರ್ ಕೆಳಗಿಳಿಸುವವರಲ್ಲ. ಅಷ್ಟು ಸುಲಭಕ್ಕೆ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಅಲ್ಲಾಡೋದಿಲ್ಲ. ನನಗೆ ಸಹನೆ ಕೆಟ್ಟು ಒಂದು ಚಮಚ ಸುರಿದೆ.

ಕುದಿಯೋ ಸಾರು ಪಾತ್ರೆ ಬಿಟ್ಟು ಎದ್ದು ಸ್ಟೌವ್ ಮೇಲೆ, ಕಟ್ಟೆ ಮೇಲೆ, ನನ್ನ ಬಿಳಿ ಬನಿಯನ್ ಮೇಲೆ. ಗ್ಯಾಸ್ ಆರಿಸಿ ನೋಡಿದರೆ ಪಾತ್ರೆಯಲ್ಲಿ ಉಳಿದದ್ದು ಕೆಂಪಗೆ! ಅರಿಶಿನವೂ ಇಂಡಿಕೇಟರ್ರೇ ಅಲ್ವಾ, ಕ್ಷಾರ ಜಾಸ್ತಿಯಾದರೆ ಕೆಂಪಾಗುತ್ತೆ. ಆರತಿ ನೀರಿಗೆ ಅರಿಶಿನ, ಸುಣ್ಣ ಕಲಸುವಾಗ ನಮ್ಮಜ್ಜಿಯರು ಮಾಡುತ್ತಿದ್ದದ್ದೂ ಇದನ್ನೇ. ಸಾಲದ್ದಕ್ಕೆ, ಅಡಿಗೆ ಸೋಡಾ ಕುದಿಯುವಾಗ ಒಂದಿಷ್ಟು ಒಡೆದು ಬಟ್ಟೆ ಒಗೆಯುವ ಸೋಡಾನೇ ಆಗುತ್ತೆ.

ಹೆಂಡತಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. "ರೀ, ಇದಕ್ಕೆ ಒಗ್ಗರಣೆ ಹಾಕೋದಾ, ಬಟ್ಟೆ ನೆನೆಸೋದಾ?"

ಅರ್ಧ ನಿಂಬೆಹಣ್ಣು ಹಿಂಡಿದೆ. ಬಣ್ಣ ಹಳದಿಗೆ ಬಂತು, ರುಚಿ ಬರಲಿಲ್ಲ. ಹುಟ್ಟಿದ ಉಪ್ಪು ಎಲ್ಲಿಗೆ ಹೋಗುತ್ತೆ ಪಾಪ, ಅಲ್ಲೇ ಇತ್ತು. ಮಾವ ಒಂದು ತುತ್ತು ಕಲಸಿದವರು ಅಂತೂ ತಲೆ ಎತ್ತಿದರು. "ಅಳಿಯಂದಿರೇ, ಮಜ್ಜಿಗೆ ಇದೆಯಾ?"

ಸಂಜೆ ಬನಿಯನ್ನಿಗೆ ಸೋಪು ಹಚ್ಚಿದೆ. ಹಳದಿ ಕಲೆಗಳೆಲ್ಲ ಒಟ್ಟಿಗೇ ಕೆಂಪಾದವು. ಹೆಂಡತಿ ಬಚ್ಚಲ ಬಾಗಿಲಲ್ಲಿ ನಿಂತು ಉಳಿದರ್ಧ ನಿಂಬೆಹೋಳು ಕೊಟ್ಟಳು.

"ಹನಿ ಹನಿ ಹಾಕಿ," ಅಂದಳು.