ಪ್ರೆಸ್‌ನ ದುಡ್ಡು ಹುಟ್ಟಿತೇ?

ಬಳಸಿದ ಕಾಡತೂಸುಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವ ಪ್ರೆಸ್ ಕೊಂಡಾಗ ಹೆಂಡತಿಗೆ ಹೇಳಿದ್ದು ಒಂದೇ ಮಾತು: "ವರ್ಷದೊಳಗೆ ಇದರ ದುಡ್ಡು ಹುಟ್ಟುತ್ತದೆ." ನಾನು ಮರೆತರೂ ಅವಳು ಆ ಮಾತನ್ನು ಮರೆತಿಲ್ಲ.

ರೀಲೋಡಿಂಗ್ ಮಾಡಿದರೆ ಅರ್ಧಕ್ಕರ್ಧ ಉಳಿಯುತ್ತದೆ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ, ಆದರೆ ಯಾವ ಕಾಡತೂಸು ಎಂಬುದನ್ನು ನುಂಗಿಕೊಳ್ಳುತ್ತಾರೆ. ಪಿಸ್ತೂಲಿನ 9 ಎಂ.ಎಂ. ಕಾಡತೂಸಿನ ವಿಷಯದಲ್ಲಿ ನನಗೆ ಅಷ್ಟೇನೂ ಉಳಿದಿಲ್ಲ. ಕಾರ್ಖಾನೆಗಳು ಅದನ್ನು ರಾಶಿಗಟ್ಟಲೆ ತಯಾರಿಸುವುದರಿಂದ ಅಂಗಡಿಯ ಬೆಲೆಯೇ ತಳ ಮುಟ್ಟಿರುತ್ತದೆ. ರಿವಾಲ್ವರಿನ .38 ಸ್ಪೆಷಲ್, .44 ಮ್ಯಾಗ್ನಮ್‌ನಂಥವಕ್ಕೆ ಬಂದರೆ ಲೆಕ್ಕ ಬೇರೆ. ಅವುಗಳ ಅಂಗಡಿ ಬೆಲೆಗೂ ಒಳಗಿನ ಸಾಮಗ್ರಿಯ ಬೆಲೆಗೂ ಇರುವ ಅಂತರ ದೊಡ್ಡದು.

ಕಾಡತೂಸಿನಲ್ಲಿರುವುದು ನಾಲ್ಕೇ ವಸ್ತು: ಕೇಸ್ ಎಂಬ ಹಿತ್ತಾಳೆಯ ಕವಚ, ಮದ್ದಿಗೆ ಕಿಡಿ ಕೊಡುವ ಪ್ರೈಮರ್, ಮದ್ದು, ಗುಂಡು. ಮದ್ದೇ ದುಬಾರಿ ಎಂದು ಹೊಸಬರು ತಿಳಿಯುತ್ತಾರೆ. ಒಂದು ಪೌಂಡ್ ಎಂದರೆ 7,000 ಗ್ರೇನ್. ಒಂದೊಂದಕ್ಕೆ ಐದು ಗ್ರೇನ್ ಬಿದ್ದರೂ ಒಂದು ಡಬ್ಬಿಯಲ್ಲಿ 1,400 ಕಾಡತೂಸು ತುಂಬುತ್ತವೆ. ನಿಜವಾಗಿ ಜೇಬು ಹಗುರ ಮಾಡುವುದು ಗುಂಡು, ಅದರ ಹಿಂದೆ ಪ್ರೈಮರ್. ಇವೆರಡೂ ಒಮ್ಮೆ ಹೋದರೆ ಹೋದವು. ಮರಳಿ ಸಿಗುವುದು ಕೇಸ್ ಮಾತ್ರ. ಉಳಿತಾಯವೆಲ್ಲ ಬಹುತೇಕ ಅದರಲ್ಲೇ ಇದೆ. ಆದ್ದರಿಂದಲೇ ಗುಂಡು ಹೊಡೆದು ಮುಗಿದ ಮೇಲೆ ಪಿಸ್ತೂಲು ಆಚೆ ಎಸೆದ ಕೇಸುಗಳಿಗಾಗಿ ನಾವೆಲ್ಲ ಸೊಂಟ ಬಗ್ಗಿಸಿ ಹುಲ್ಲು ತಡಕುವುದು. ರಿವಾಲ್ವರಿನವನು ಖಾಲಿ ಕೇಸುಗಳನ್ನು ಅಂಗೈಗೆ ಸುರಿದುಕೊಂಡು ನಗುತ್ತಾ ನಿಂತಿರುತ್ತಾನೆ.

ಆರಿಸಿ ತಂದರೆ ಮುಗಿಯಲಿಲ್ಲ. 9 ಎಂ.ಎಂ. ರಾಶಿಯಲ್ಲಿ .380 ಎಂಬ ಬೇರೆ ಅಳತೆಯ ಕೇಸುಗಳು ಅಡಗಿರುತ್ತವೆ, ಕಣ್ಣಿಗೆ ಒಂದೇ ಥರ. .45 ಅಳತೆಯ ಕೇಸುಗಳಲ್ಲಿ ಇನ್ನೊಂದು ಕಾಟ: ಹೆಚ್ಚಿನವು ದೊಡ್ಡ ಪ್ರೈಮರಿನವು, ನಡುನಡುವೆ ಚಿಕ್ಕ ಪ್ರೈಮರಿನವು. ಹಿಡಿಕೆ ಒತ್ತುತ್ತಾ ಲಹರಿಯಲ್ಲಿರುವಾಗ ಅಂಥದ್ದೊಂದು ಬಂದು ಗಕ್ಕನೆ ನಿಲ್ಲಿಸುತ್ತದೆ.

ಸಮಯಕ್ಕೂ ಬೆಲೆ ಕಟ್ಟುವವರಾದರೆ ಈ ಹವ್ಯಾಸಕ್ಕೆ ಕೈ ಹಾಕಬೇಡಿ. ನನ್ನ ಮೊದಲ ಪ್ರೆಸ್ ಒಂದು ಸಲಕ್ಕೆ ಒಂದೇ ಕೆಲಸ ಮಾಡುವಂಥದ್ದು. ಗಂಟೆಗೆ ಐವತ್ತು ಮುಗಿಸಿದರೆ ದೊಡ್ಡದು. ಆ ಗಂಟೆಗೆ ಕೂಲಿ ಹಾಕಿದ ದಿನ 9 ಎಂ.ಎಂ.ನ ಉಳಿತಾಯ ಆವಿಯಾಯಿತು. ಪ್ರತಿ ಎಳೆತಕ್ಕೂ ಒಂದು ಕಾಡತೂಸು ಉದುರಿಸುವ ಪ್ರೊಗ್ರೆಸಿವ್ ಪ್ರೆಸ್ ತಂದೆ. ಸಮಯ ಉಳಿಯಿತು, ಹುಟ್ಟಬೇಕಾದ ದುಡ್ಡಿಗೆ ಹೊಸ ಅಂಕಿ ಸೇರಿತು.

ಇನ್ನೊಂದು ವೆಚ್ಚವನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಒಂದು ಸಂಜೆ ಮೊಬೈಲ್ ಸದ್ದಾಯಿತೆಂದು ನಡುವೆ ಎದ್ದು ಹೋದೆ. ಮುಂದಿನ ವಾರ ಗುಂಡು ಹೊಡೆಯುವಾಗ ಢಮ್ ಎನ್ನಬೇಕಾದದ್ದು ಟುಸ್ ಎಂದಿತು. ಕೇಸಿಗೆ ಮದ್ದೇ ಬಿದ್ದಿರಲಿಲ್ಲ. ಪ್ರೈಮರಿನ ಬಲವೊಂದರಿಂದಲೇ ಗುಂಡು ನಳಿಗೆಯೊಳಗೆ ಹೊಕ್ಕು ಅಲ್ಲೇ ಸಿಕ್ಕಿಕೊಂಡಿತ್ತು. ಅದರ ಬೆನ್ನಿಗೆ ಇನ್ನೊಂದನ್ನು ಹಾರಿಸಿದ್ದರೆ ನಳಿಗೆ ಹೋಗುತ್ತಿತ್ತು, ಕೈಯೂ ಉಳಿಯುತ್ತಿತ್ತೋ ಇಲ್ಲವೋ. ಅಂದಿನಿಂದ ಗುಂಡು ಕೂರಿಸುವ ಮುನ್ನ ಪ್ರತಿ ಕೇಸಿನೊಳಗೂ ದೀಪ ಹಿಡಿದು ನೋಡುತ್ತೇನೆ. ಅಂದು ತುಂಬಿದ್ದ ಉಳಿದ ನೂರಿಪ್ಪತ್ತನ್ನೂ ಒಂದೊಂದಾಗಿ ಬಿಚ್ಚಿದೆ. ಅದಕ್ಕೆಂದೇ ಇರುವ ಸುತ್ತಿಗೆಯಂಥ ಉಪಕರಣದಿಂದ ಕುಟ್ಟಿ ಕುಟ್ಟಿ ಒಂದು ಇಡೀ ಭಾನುವಾರ ಹೋಯಿತು.

ಹಾಗಾದರೆ ಏಕೆ ಮಾಡುತ್ತೇನೆ? ನನ್ನ ಪಿಸ್ತೂಲಿಗೆ ಒಗ್ಗುವ, ಮೆಲ್ಲಗೆ ಒದೆಯುವ ಕಾಡತೂಸು ಅಂಗಡಿಯಲ್ಲಿ ಸಿಗುವುದಿಲ್ಲ. ಅಭಾವದ ದಿನಗಳಲ್ಲಿ ಕಪಾಟಿನಲ್ಲಿ ಸಾಮಗ್ರಿ ಇದ್ದವನು ನಿಶ್ಚಿಂತೆಯಿಂದಿರುತ್ತಾನೆ. ಮತ್ತೆ, ಸಂಜೆ ಆ ಹಿಡಿಕೆ ಹಿಡಿದರೆ ಬೇರೇನೂ ತಲೆಗೆ ಬರುವುದಿಲ್ಲ.

ಮೊನ್ನೆ ಹೆಂಡತಿ ಮತ್ತೆ ಕೇಳಿದಳು, ಪ್ರೆಸ್‌ನ ದುಡ್ಡು ಹುಟ್ಟಿತೇ ಎಂದು. ಹುಟ್ಟಿತು, ಅದನ್ನೂ ಸುಟ್ಟೆ ಎಂದೆ. ಕಾಡತೂಸು ಅಗ್ಗವಾದಾಗಿನಿಂದ ಮೊದಲಿಗಿಂತ ಎರಡು ಪಟ್ಟು ಹೊಡೆಯುತ್ತಿದ್ದೇನೆ. .44 ತುಂಬಲು ಪ್ರೆಸ್‌ಗೆ ಹಾಕುವ ಅಚ್ಚುಗಳಾದ ಡೈಗಳನ್ನು ತರಿಸಿರುವ ವಿಷಯ ಇನ್ನೂ ಹೇಳಿಲ್ಲ.